ಕಣ್ಣ ಕೆಳಗ ಕಪ್ಪಿದ್ರ ಯಾರ ಗಂಟು ಹೋಗತೈತಿ?

ಹ್ವಾದ ಸರತೆ ರಂಜಕದ ಬಗ್ಗೆ ಬರದಿದ್ದೆ, ಭಾಳ ಮಂದಿ ಫೋನ್ ಮಾಡಿ ಚಲೋ ಆಗೈತಿ ಅಂದ್ರಿ. ಈ ಸರತೆ ಅಡಗಿ ಇಲ್ಲ, ಜಗಳ ಐತಿ. ಜಗಳ ಅರ್ಧ ನಿಮ್ಮ ಜೋಡಿ, ಅರ್ಧ ನನ್ನ ಜೋಡಿ. ಚಹಾ ಇಟ್ಗೊಂಡು ಕುಂತು ಓದ್ರಿ, ಸಿಟ್ಟು ಬಂದ್ರ ಕಡೀತನಕ ಓದಿ ಆಮ್ಯಾಲ ಬೈರಿ.

ಶ್ರಾವಣದ ಎರಡನೇ ಶುಕ್ರವಾರ ವಿದ್ಯಾನಗರದಾಗ ಒಬ್ಬರ ಮನಿಗೆ ಅರಿಷಿಣ ಕುಂಕುಮಕ್ಕ ಹೋಗಿದ್ದೆ. ಇಪ್ಪತ್ತು ಮಂದಿ ಹೆಣ್ಣಮಕ್ಕಳು ಕುಂತಿದ್ರು. ಕುಂಕುಮ ಹಚ್ಚಾಕ ಬಂದಾಕಿ ನನ್ನ ಗದ್ದ ಹಿಡದು ಮುಖಾ ಬೆಳಕಿಗೆ ತಿರುಗಿಸಿ, ಎಲ್ಲಾರಿಗೂ ಕೇಳೂ ಹಂಗ, "ಯಾಕ್ರೀ, ಕಣ್ಣ ಕೆಳಗ ಇನ್ನೂ ಕರ್ರಗ ಐತಲ್ಲ? ಪೊರಿ ತಗಸಿ ವರ್ಷದ ಮ್ಯಾಲಾತು" ಅಂದ್ಲು. ಇಪ್ಪತ್ತು ಮುಖ ನನ್ನ ಕಡೆ ತಿರುಗಿದ್ವು. ಉಸುಳಿ ತಟ್ಟಿ ಕೈಯಾಗ ಹಂಗ ಉಳೀತು. ನಾ "ಹೌದವಾ, ಉಷ್ಣ ಆಗೈತಿ" ಅಂದು ಎದ್ದು ಬಂದೆ.

ಮನಿಗೆ ಬಂದ ಮ್ಯಾಲ ನನಗ ನಾಚಿಕಿ ಬಂತು. ಕಪ್ಪಿನ ಸಲುವಾಗಿ ಅಲ್ಲ, ಸುಳ್ಳಿನ ಸಲುವಾಗಿ. ಅದಕ್ಕ ಇವತ್ತ ಹೇಳಿಬಿಡ್ತೀನಿ. ಹ್ವಾದ ವರ್ಷ ಮಾರ್ಚಿನ್ಯಾಗ ನಾ ಮಾಡಿಸಿಕೊಂಡಿದ್ದು ಪೊರಿ ಆಪರೇಶನ್ ಅಲ್ಲ. ಕಣ್ಣಿನ ಕೆಳಗಿನ ರೆಪ್ಪಿ ಕೊಯ್ಸಿಕೊಂಡು ಅಲ್ಲಿನ ಚೀಲ ತಗಸಿಕೊಂಡೆ. ಚಂದ ಕಾಣಾಕ. ಐವತ್ಮೂರು ವರ್ಷದಾಕಿ, ಮಗನ ಲಗ್ನದಾಗ ಚಂದ ಕಾಣಾಕ.

ನಗೂದಿದ್ರ ನಕ್ಕೊಳ್ರಿ. ನಕ್ಕಾದ ಮ್ಯಾಲ ಮುಂದ ಓದ್ರಿ.

ಇದು ಹೆಂಗ ಶುರು ಆತು

ನಮ್ಮ ಅವ್ವಗೂ ಕಣ್ಣ ಕೆಳಗ ಕಪ್ಪಿತ್ತು, ಅವರವ್ವಗೂ ಇತ್ತು. ಆಗ ಯಾರೂ ಕೇಳಿದ್ದಿಲ್ಲ. ಮನಿಯಾಗ ಇದ್ದಿದ್ದ ಒಂದು ಕನ್ನಡಿ, ಅದೂ ಅಂಗೈ ಅಗಲ, ಅದ್ರಾಗ ಕುಂಕುಮದ ಜಾಗ ಅಷ್ಟ ಕಾಣತಿತ್ತು. ಈಗ ಕೈಗೊಂದು ಫೋನು, ಫೋನಿಗೊಂದು ಕ್ಯಾಮರಾ. ಹುಡುಗಿ ನೋಡಾಕ ಹ್ವಾದಾಗ ತೆಗದ ಫೋಟೋ ಮನಿತನದ ಗ್ರೂಪಿನ್ಯಾಗ ಬಂತು. ಅದ್ರ ಕೆಳಗ ಯಾರೋ ಬರದ್ರು, "ವರನ ತಾಯಿ ಭಾಳ ದಣದಂಗ ಕಾಣ್ತಾರ." ಅಷ್ಟ. ಬರದಾಕಿಗೆ ಈಗ ನೆನಪೂ ಇರಲಿಕ್ಕಿಲ್ಲ. ನಾ ಆ ಫೋಟೋ ದೊಡ್ಡದು ಮಾಡಿ ಮಾಡಿ ಎಷ್ಟು ರಾತ್ರಿ ನೋಡೀನಿ ನನಗ ಗೊತ್ತು.

ಆಮ್ಯಾಲ ಯಾರನ್ನ ಭೇಟಿ ಆದ್ರೂ ಅದ ಮಾತು ಕೇಳಿಸಾಕ ಹತ್ತು. ದುರ್ಗದಬೈಲಿನ್ಯಾಗ ಸೀರಿ ತರಾಕ ಹ್ವಾದ್ರ, "ನಿದ್ದಿ ಇಲ್ಲೇನ್ರೀ?" ಚಿಗರಿ ಬಸ್ಸಿನ್ಯಾಗ ಕುಂತ್ರ ಬಾಜೂದಾಕಿ, "ಸೊಸಿ ಬರೂಕಿಂತ ಮೊದಲ ಸೊರಗೀರಲ್ಲ!" ನಾ ಏನೂ ಸೊರಗಿದ್ದಿಲ್ಲ. ಎಂಟು ತಾಸು ನಿದ್ದಿ ಮಾಡತಿದ್ದೆ.

ಹಿಂಗಾಗಿ ಒಂದಿನ ಭಿಶಿ ರೊಕ್ಕ ತಗೊಂಡು ಹೋಗೇಬಿಟ್ಟೆ. ಯಾವ ದವಾಖಾನಿ, ಯಾವ ಊರಾಗ ಅಂತ ಕೇಳಬ್ಯಾಡ್ರಿ, ಹೇಳಂಗಿಲ್ಲ. ನನ್ನ ಜಗಳ ಒಂದು ಬೋರ್ಡಿನ ಜೋಡಿ ಅಲ್ಲ. ಅಲ್ಲಿ ಡಾಕ್ಟರಿಗಿಂತ ಮೊದಲ ಒಂದು ಹುಡುಗಿ ಲ್ಯಾಪ್‌ಟಾಪ್ ತಗದು ಫೋಟೋ ತೋರಿಸಿದ್ಲು. ಮೊದಲಿನ ಮುಖ, ಆಮ್ಯಾಲಿನ ಮುಖ. "ಹತ್ತು ದಿನದಾಗ ಫಂಕ್ಷನ್ನಿಗೆ ರೆಡಿ, ಮ್ಯಾಮ್" ಅಂದ್ಲು. "ಕಪ್ಪು ಹೋಗತೈತೇನವಾ?" ಅಂತ ನಾ ಎರಡು ಸಲ ಕೇಳಿದೆ. "ಎಲ್ಲಾ ಫ್ರೆಶ್ ಕಾಣತೈತಿ" ಅಂದ್ಲು. ಈಗ ಲಕ್ಷ್ಯಕ್ಕ ಬರತೈತಿ, ಆಕಿ "ಹೋಗತೈತಿ" ಅಂತ ಅಂದೇ ಇಲ್ಲ. ನಾ ಕೇಳಿದ್ದು ಒಂದು, ಆಕಿ ಹೇಳಿದ್ದು ಒಂದು, ನಾ ತಿಳಕೊಂಡಿದ್ದು ಮೂರನೇದು. ಒಪ್ಪಿಗಿ ಪತ್ರ ಇಂಗ್ಲಿಷಿನ್ಯಾಗ ನಾಕು ಹಾಳಿ ಇತ್ತು. ಪಿಯುಸಿ ಕಲತಾಕಿ ನಾ, ಓದಿದ್ರ ತಿಳೀತಿತ್ತು. ಓದಲಿಲ್ಲ, ಸಹಿ ಮಾಡಿದೆ.

ಆಪರೇಶನ್ ಆದ ಮ್ಯಾಲ

ಕೊಯ್ದಿದ್ದೇನೂ ನೋವಾಗಲಿಲ್ಲ. ಜಾಗಾ ಜೋಮು ಹಿಡಿಸಿ ಮಾಡಿದ್ರು, ಸಂಜಿಮುಂದ ಮನಿಗೆ ಬಂದೆ. ಮರುದಿನ ಮುಂಜಾನೆ ಕನ್ನಡಿ ನೋಡಿ ಎದಿ ಧಸಕ್ಕಂತು. ಎರಡೂ ಕಣ್ಣು ಬಾತು ಬದನಿಕಾಯಿ ಆಗಿದ್ವು, ಬಣ್ಣಾನೂ ಬದನಿಕಾಯಿದ. ಎರಡು ದಿನ ತಣ್ಣನ ಬಟ್ಟಿ ಇಟ್ಕೊಂಡೆ, ಎರಡು ದಿಂಬು ಹಾಕ್ಕೊಂಡು ತಲಿ ಎತ್ತರ ಮಾಡಿ ಮಲಗಿದೆ. ಆರನೇ ದಿನ ಹೊಲಿಗಿ ತಗದ್ರು. ಎರಡು ವಾರದಾಗ ನೇರಳಿ ಹೋಗಿ ಹಸರು, ಹಸರು ಹೋಗಿ ಹಳದಿ ಆತು, ಬಾವು ಬಹುತೇಕ ಇಳೀತು. ಇಷ್ಟು ಎಲ್ಲಾರಿಗೂ ಆಗೂದ. ಇದ್ರಾಗ ಯಾರದೂ ತಪ್ಪಿಲ್ಲ.

ಚೀಲ ಖರೇನ ಹ್ವಾದ್ವು. ಅದನ್ನ ಸುಳ್ಳು ಹೇಳಂಗಿಲ್ಲ. ಆದ್ರ ಹಳದಿ ಹ್ವಾದ ಮ್ಯಾಲ ಕೆಳಗ ಒಂದು ಕಂದು ಗೆರಿ ಉಳೀತು. ಮೊದಲಿದ್ದ ಕಪ್ಪಿಗಿಂತ ಗಾಢ. ಒಂದು ತಿಂಗಳಾತು, ಹೋಗಲಿಲ್ಲ. ಲಗ್ನ ಬಂತು, ಹೋಗಲಿಲ್ಲ. ಅಕ್ಕಿಕಾಳು ಹಾಕೂ ಮುಂದ ಬ್ಯೂಟಿ ಪಾರ್ಲರ್ ಹುಡುಗಿ ಹಚ್ಚಿದ್ದ ಕ್ರೀಮು ಬೆವರಿಗೆ ಕರಗಿ ಕೆಳಗಿಳೀತು. ಮಗನ ಲಗ್ನದ ಆಲ್ಬಮ್ಮಿನ್ಯಾಗ ನಾ ಎಲ್ಲಾ ಫೋಟೋದಾಗೂ ಕೆಳಗ ನೋಡೀನಿ. ಮಂದಿ ತಿಳಕೊಂಡ್ರು ವರನ ತಾಯಿಗೆ ಮಗನ್ನ ಬಿಟ್ಟುಕೊಡಾಕ ದುಃಖ ಆಗೈತಿ ಅಂತ.

ಯಾಕ ಹೋಗಲಿಲ್ಲ

ಇದು ನಾ ಮೊದಲ ಕಲೀಬೇಕಿತ್ತು, ಆಮ್ಯಾಲ ಕಲತೆ. ನೀವು ಪುಕ್ಕಟೆ ಕಲೀರಿ.

ಕಣ್ಣಿನ ರೆಪ್ಪಿ ಚರ್ಮ ಮೈಯಾಗಿನ ಎಲ್ಲಾ ಚರ್ಮಕ್ಕಿಂತ ತೆಳು. ಸುಮಾರು ಅರ್ಧ ಮಿಲಿಮೀಟರ್, ನೆನಸಿಟ್ಟ ಶೇಂಗಾದ ಸಿಪ್ಪಿ ಹಂಗ. ಅದ್ರ ಕೆಳಗಿನ ರಕ್ತನಾಳ ಹೊರಗ ನೀಲಿ ನೀಲಿ ಕಾಣತಾವ. ಕಪ್ಪು ಅಂತ ನಾವು ಅನ್ನೂದು ಒಂದಲ್ಲ, ಮೂರು ನಮೂನಿ ಐತಿ. ಒಂದು, ಚರ್ಮದ್ದ ಬಣ್ಣ, ವಂಶದಿಂದ ಬಂದದ್ದು, ಇಲ್ಲಾ ಬಿಸಲಿಗೆ, ಕಣ್ಣು ತಿಕ್ಕೂದಕ್ಕ, ಅಲರ್ಜಿಗೆ ಆದದ್ದು. ಎರಡನೇದು, ತೆಳು ಚರ್ಮದಾಗ ಕಾಣೂ ರಕ್ತನಾಳ. ಮೂರನೇದು, ಬರೇ ನೆರಳು. ವಯಸ್ಸಾದಂಗ ಕಣ್ಣಿನ ಹಿಂದಿನ ಕೊಬ್ಬು ಮುಂದ ಬಂದು ಚೀಲ ಆಗತೈತಿ, ಅದ್ರ ಕೆಳಗ ಹಳ್ಳ ಬೀಳತೈತಿ, ಆ ಹಳ್ಳದಾಗ ನೆರಳು ಬೀಳತೈತಿ. ಭಾಳ ಮಂದಿಗೆ ಮೂರೂ ಕೂಡಿ ಇರ್ತಾವ.

ರೆಪ್ಪಿ ಆಪರೇಶನ್ ತಗಿಯೂದು ಚೀಲ ಮತ್ತ ಹೆಚ್ಚಾದ ಚರ್ಮ. ಅಂದ್ರ ಮೂರನೇ ನಮೂನಿಗಷ್ಟ ಉಪಯೋಗ. ಅದೂ ಕೊಬ್ಬು ಜಾಸ್ತಿ ತಗದ್ರ ಹಳ್ಳ ಇನ್ನೂ ಆಳ ಆಗಿ ನೆರಳು ಹೆಚ್ಚಾಗತೈತಿ. ಚರ್ಮದ ಬಣ್ಣಕ್ಕ ಕತ್ತರಿ ಏನೂ ಮಾಡಂಗಿಲ್ಲ. ಗ್ವಾಡಿ ಉಬ್ಬು ಕೆತ್ತಿಸಿದ್ರ ಸುಣ್ಣದ ಬಣ್ಣ ಬದಲಾಗತೈತೇನು?

ಮನಿಯಾಗ ನೋಡಾಕ ಒಂದು ದಾರಿ ಐತಿ. ಕನ್ನಡಿ ಮುಂದ ನಿಂತು ಟಾರ್ಚ್ ಬೆಳಕು ಸೀದಾ ಮುಖಕ್ಕ ಬಿಡ್ರಿ. ಕಪ್ಪು ಹ್ವಾದ್ರ ಅದು ನೆರಳು. ಹೋಗಲಿಲ್ಲ ಅಂದ್ರ ಅದು ಬಣ್ಣ. ಚರ್ಮ ಸಾವಕಾಶ ಕೆಳಗ ಎಳದು ನೋಡ್ರಿ, ಬಣ್ಣ ಚರ್ಮದ ಜೋಡಿ ಸರಿದ್ರ ಅದು ಚರ್ಮದ್ದ. ನನ್ನದು ಬಹುತೇಕ ಬಣ್ಣ. ಅವ್ವನ ಬಣ್ಣ, ಅಜ್ಜಿ ಬಣ್ಣ. ಹತ್ತು ರೂಪಾಯಿ ಟಾರ್ಚ್ ಹೇಳೂದನ್ನ ನಾ ಎಂಬತ್ತು ಸಾವಿರ ಕೊಟ್ಟು ಕೇಳಿಕೊಂಡೆ.

ಇನ್ನ ಮೊದಲಿಗಿಂತ ಹೆಚ್ಚು ಯಾಕ ಆತು? ಕೊಯ್ದಾಗ ಚರ್ಮದೊಳಗ ರಕ್ತ ಸೋರಿರ್ತೈತಿ. ರಕ್ತದಾಗ ಕಬ್ಬಿಣ ಇರ್ತೈತಲ್ಲ, ರಕ್ತ ಕರಗಿ ಹ್ವಾದ್ರೂ ಕಬ್ಬಿಣದ ಕಲೆ ಕೆಲವರಿಗೆ ತಿಂಗಳಗಟ್ಟಲೆ ಉಳೀತೈತಿ. ಬೋರಿನ ನೀರು ಬಿದ್ದು ಬಿದ್ದು ಬಚ್ಚಲ ಕಲ್ಲು ಕೆಂಪಾಗಿರ್ತೈತಲ್ಲ, ಹಂಗ. ಮ್ಯಾಲ ನಮ್ಮದು ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮ. ನಮಗ ಗುಳ್ಳಿ ಒಡದ್ರೂ ಕಲೆ ಉಳೀತೈತಿ, ಸುಟ್ರೂ ಉಳೀತೈತಿ. ಗಾಯಾದಲ್ಲಿ ಬಣ್ಣ ಜಾಸ್ತಿ ಹುಟ್ಟೂದು ನಮ್ಮ ಚರ್ಮದ ಸ್ವಭಾವ. ಬಿಸಲು ಬಿದ್ರ ಇನ್ನೂ ಗಟ್ಟಿ ಆಗತೈತಿ. ನಾ ಏನು ಮಾಡಿದೆ? ಆಪರೇಶನ್ ಆದ ಇಪ್ಪತ್ತನೇ ದಿನಕ್ಕ ಏಪ್ರಿಲ್ ಬಿಸಲಾಗ, ಹುಬ್ಬಳ್ಳಿ ಧಾರವಾಡ ಎರಡೂ ಕಡೆ, ಚಷ್ಮಾ ಇಲ್ಲದ, ಛತ್ರಿ ಇಲ್ಲದ ಲಗ್ನಪತ್ರ ಹಂಚಿದೆ. ಬಿಸಲಿಗೆ ಹೋಗಬಾರದು ಅಂತ ಅವರು ಕೊಟ್ಟ ಹಾಳ್ಯಾಗ ಇತ್ತು. ಏಳನೇ ಸಾಲಿನ್ಯಾಗ, ಇಂಗ್ಲಿಷಿನ್ಯಾಗ.

ಹಿಂಗಾಗಿ ಈ ಜಗಳದಾಗ ನನ್ನ ಪಾಲೂ ಐತಿ.

ಸುಳ್ಳು ಎಲ್ಲಿಗೆ ಹೋತು

ಇಷ್ಟ ಆಗಿದ್ರ ನಾ ಇದನ್ನ ಬರೀತಿದ್ದಿಲ್ಲ. ರೊಕ್ಕ ನಂದು, ಮುಖಾ ನಂದು, ನಷ್ಟಾನೂ ನಂದು ಅಂತ ಸುಮ್ಮನಿರ್ತಿದ್ದೆ.

ಧಾರವಾಡದಾಗ ನಮ್ಮ ದೊಡ್ಡ ನೆಗೆಣ್ಣಿ ಅಕ್ಕಾರು ಇರ್ತಾರ. ಅರವತ್ತೆಂಟು ವರ್ಷ. ಅವರನ್ನ ಕೇಳೇ ಇದನ್ನ ಬರದೀನಿ. ಅವರಿಗೆ ಎರಡೂ ಕಣ್ಣಿನ್ಯಾಗ ಪೊರಿ ಬೆಳದಿತ್ತು, ಡಾಕ್ಟರ್ರು ಆಪರೇಶನ್ ಮಾಡಿಸ್ರಿ ಅಂದಿದ್ರು. ಲಗ್ನದ ತಯಾರಿಗೆ ನಮ್ಮ ಮನಿಗೆ ಬಂದ್ರು. ನನ್ನ ಮುಖಾ ನೋಡಿದ್ರು. "ಏನಾತವಾ ಇದು?" ಅಂದ್ರು. ನಾ, "ಪೊರಿ ತಗಸೀನಿ ಅಕ್ಕಾ" ಅಂದೆ. ಎಲ್ಲಾರಿಗೂ ಅದ ಹೇಳಿದ್ದೆನಲ್ಲ, ಅವರಿಗೂ ಹೇಳಿದೆ.

ಅಕ್ಕಾರು ಏನೂ ಅನ್ನಲಿಲ್ಲ. ಲಗ್ನ ಮುಗೀತು, ಊರಿಗೆ ಹ್ವಾದ್ರು. ಮಕ್ಕಳು ಆಪರೇಶನ್ ತಾರೀಕು ಹಿಡದ್ರ, "ಮಳಿಗಾಲ ಮುಗೀಲಿ" ಅಂದ್ರು. ಮಳಿಗಾಲ ಮುಗೀತು, "ದೀಪಾವಳಿ ಆಗಲಿ" ಅಂದ್ರು. ದೀಪಾವಳಿ ಆದ ಮ್ಯಾಲ ನಸಕಿನ್ಯಾಗ ಬಚ್ಚಲಕ್ಕ ಹೋಗೂ ಮುಂದ ಹೊಸ್ತಿಲ ಕಾಣಲಾರದ ಬಿದ್ರು. ಮುಂಗೈ ಎಲುಬು ಮುರೀತು. ನೋಡಾಕ ಹ್ವಾದಾಗ ನಾ ಸಿಟ್ಟಿಲೆ, "ಅಕ್ಕಾ, ಮೊದಲ ಪೊರಿ ತಗಸಿದ್ರ ಹಿಂಗಾಗತಿತ್ತೇನು?" ಅಂದೆ. ಅಕ್ಕಾರು ಪಟ್ಟಿ ಕಟ್ಟಿದ ಕೈ ಎದಿ ಮ್ಯಾಲ ಇಟ್ಗೊಂಡು, "ನಿನ್ನ ಮುಖಾ ನೋಡಿ ಹೆದರಿದೆ ತಂಗಿ. ನೀ ಗಟ್ಟಿ ಹೆಣ್ಣಮಗಳು, ನಿನಗ ಹಂಗಾತು. ನನಗ ಏನಾದೀತು ಅಂದ್ಕೊಂಡೆ" ಅಂದ್ರು.

ಆವತ್ತ ಅವರ ಮುಂದ ಖರೇ ಹೇಳಿದೆ. ಅಕ್ಕಾರು ಭಾಳ ಹೊತ್ತು ನನ್ನ ನೋಡಿದ್ರು. ಬೈಯಲಿಲ್ಲ. "ಚೀಲ ಹ್ವಾದ್ವಲ್ಲ, ಬಿಡು" ಅಂದ್ರು. ಬೈದಿದ್ರ ಚಲೋ ಇತ್ತು.

ಆಮ್ಯಾಲ ಕೈ ಕೂಡಿದ ಮ್ಯಾಲ ಅವರು ಪೊರಿ ತಗಸಿದ್ರು. ಪೊರಿ ಆಪರೇಶನ್‌ದಾಗ ರೆಪ್ಪಿ ಕೊಯ್ಯಂಗಿಲ್ಲ. ಕಣ್ಣೊಳಗ ಸಣ್ಣ ತೂತು ಮಾಡಿ, ಮಂಜಾದ ಮಸೂರ ತಗದು ಬ್ಯಾರೆ ಮಸೂರ ಕೂಡಸ್ತಾರ. ಅಕ್ಕಾರ ಮುಖಾ ಒಂದಿಷ್ಟೂ ಕಪ್ಪಾಗಲಿಲ್ಲ. ಮೂರನೇ ದಿನ ಫೋನ್ ಮಾಡಿ, "ಕ್ಯಾಲೆಂಡರ್ ಮ್ಯಾಲಿನ ತಿಥಿ ಕಾಣತೈತಿ ತಂಗಿ" ಅಂದ್ರು. ಅಂಧತ್ವ ತಡಿಯಾಕ ಕೇಂದ್ರ ಸರ್ಕಾರದ ಯೋಜನೆ 1976ರಿಂದ ನಡದೈತಿ, ಪೊರಿ ಆಪರೇಶನ್ ಬಡವರಿಗೆ ಪುಕ್ಕಟೆ ಆಗತೈತಿ. ನಮ್ಮ ಅವಳಿ ನಗರದಾಗ ಮೊದಲ ಕಿಮ್ಸ್ ಅಂತಿದ್ದ ಕೆಎಂಸಿ-ಆರ್‌ಐ ಐತಿ, ಸತ್ತೂರಿನ ಎಸ್‌ಡಿಎಂ ಐತಿ, ಎಂ.ಎಂ. ಜೋಶಿಯವರ ಕಣ್ಣಿನ ದವಾಖಾನಿ ಐತಿ. ಇಂಥಾ ಊರಾಗ ಇದ್ದು ನನ್ನ ಒಂದು ಸುಳ್ಳಿಗೆ ಒಂದು ಹಿರಿ ಜೀವ ಎಂಟು ತಿಂಗಳು ಮಬ್ಬಿನ್ಯಾಗ ಕುಂತಿತು.

ನನ್ನ ಸುಳ್ಳಿನಿಂದ ಪೊರಿ ಆಪರೇಶನ್ನಿಗೆ ಇನ್ಯಾರಾದ್ರೂ ಹೆದರಿದ್ರ, ಕೈ ಮುಗದು ಹೇಳ್ತೀನಿ, ಹೆದರಬ್ಯಾಡ್ರಿ. ತಾರೀಕು ಹಿಡೀರಿ.

ಈಗ ನನ್ನ ಜಗಳ

ಮೊದಲ ಜಗಳ ಮಾರೂವ್ರ ಜೋಡಿ. ಕತ್ತರಿ ಹಿಡೂ ಮೊದಲ ಟಾರ್ಚ್ ಹಿಡದು, "ಬಾಯಾರ, ನಿಮ್ಮದು ಬಣ್ಣ, ಇದು ಇದ್ರಿಂದ ಹೋಗಂಗಿಲ್ಲ" ಅಂತ ಕನ್ನಡದಾಗ ಒಂದು ಮಾತು ಹೇಳಾಕ ಏನು ಖರ್ಚು ಬರತೈತಿ? ರೋಗಿ ಕೊಡೂ ಒಪ್ಪಿಗಿ ಬರೇ ಸಹಿ ಅಲ್ಲ, ಏನು ಮಾಡ್ತಾರ, ಏನು ಅಪಾಯ ಐತಿ, ಬ್ಯಾರೆ ದಾರಿ ಏನೈತಿ ಅಂತ ತಿಳಿಸಿ ಪಡೀಬೇಕು ಅಂತ 2008ರಾಗ ಸುಪ್ರೀಂ ಕೋರ್ಟ್ ಹೇಳೈತಿ. 1995ರಿಂದ ಡಾಕ್ಟರ್ ಸೇವೆನೂ ಗ್ರಾಹಕರ ಕಾಯ್ದೆ ಒಳಗ ಬರತೈತಿ. ಜವಳಿ ಅಂಗಡ್ಯಾಗ ಸೀರಿ ಬಣ್ಣ ಬಿಡತೈತೇನು ಅಂತ ಹತ್ತು ಸಲ ಕೇಳೂ ನಾವು, ಮುಖದ ಬಣ್ಣದ ಬಗ್ಗೆ ಕೇಳಾಕ ಯಾಕ ನಾಚಿಕೊಂತೀವಿ?

ಎರಡನೇ ಜಗಳ ಔಷಧ ಅಂಗಡ್ಯವರ ಜೋಡಿ. ಕಪ್ಪು ಹೋಗಲಿ ಅಂತ ಚೀಟಿ ಇಲ್ಲದ ಒಂದು ಟ್ಯೂಬ್ ಕೇಳಿದ್ರ, ಬೆಳ್ಳಗಾಗೂ ಕ್ರೀಮ್ ಅಂತ ಸ್ಟಿರಾಯ್ಡ್ ಇದ್ದದ್ದನ್ನ ಕೊಡ್ತಾರ. ಇಂಥಾ ಎಷ್ಟೋ ಕ್ರೀಮುಗಳನ್ನ ಡಾಕ್ಟರ್ ಚೀಟಿ ಇಲ್ಲದ ಮಾರಬಾರದು ಅಂತ ಸರ್ಕಾರ 2018ರಾಗ ನಿಯಮ ಬಿಗಿ ಮಾಡೇತಿ. ಯಾಕಂದ್ರ ಹಚ್ಚಿದ ಹೊಸದ್ರಾಗ ಬೆಳ್ಳಗ ಕಾಣತೈತಿ, ಆಮ್ಯಾಲ ಚರ್ಮ ಇನ್ನೂ ತೆಳು ಆಗತೈತಿ, ಬಿಟ್ರ ಕೆಂಪಾಗಿ ಉರೀತೈತಿ. ಕಣ್ಣಿನ ಸುತ್ತ ಭಾಳ ದಿನ ಹಚ್ಚಿದ್ರ ಕಣ್ಣಿನ ಒತ್ತಡ ಹೆಚ್ಚಾಗಬಹುದು, ಪೊರಿ ಬರಬಹುದು. ಕಪ್ಪು ಕಳಿಯಾಕ ಹೋಗಿ ಕಣ್ಣು ಕಳಕೊಂಡಂಗ. ಲಿಂಬಿಹಣ್ಣು, ಸೋಡಾ, ಟೂತ್‌ಪೇಸ್ಟ್ ಹಚ್ಚಿರಿ ಅನ್ನೂ ನಮ್ಮ ಮನಿ ವೈದ್ಯರಿಗೂ ಇದ ಮಾತು. ಕಣ್ಣ ಹತ್ರ ಲಿಂಬಿಹಣ್ಣು ಬ್ಯಾಡ್ರಿ. ಸುಟ್ಟಲ್ಲಿ ಮತ್ತ ಕಪ್ಪಾಗತೈತಿ. ಸವತಿಕಾಯಿ ಇಟ್ಕೊಂಡ್ರ ತಂಪಾಗತೈತಿ, ಬಣ್ಣ ಹೋಗಂಗಿಲ್ಲ. ಉಳದದ್ದನ್ನ ಕೋಸಂಬರಿ ಮಾಡ್ರಿ.

ಮೂರನೇ ಜಗಳ ನಮ್ಮ ನಾಲಿಗಿ ಜೋಡಿ, ಇದು ದೊಡ್ಡ ಜಗಳ. ನಾವು ಹೆಣ್ಣಮಕ್ಕಳು ಬಾಗಲದಾಗ ಕಾಲಿಡೂಕಿಂತ ಮೊದಲ ಒಬ್ಬರ ಮುಖಾ ಒಬ್ಬರು ಲೆಕ್ಕ ಮಾಡ್ತೀವಿ. ದಪ್ಪ ಆಗಿ, ಸೊರಗಿ, ಕರ್ರಗಾಗಿ, ಕೂದಲಾ ಉದುರ್ಯಾವ, ಕಣ್ಣು ಒಳಗ ಹೋಗ್ಯಾವ. ಅದಕ್ಕ ಕಾಳಜಿ ಅಂತ ಹೆಸರು. ಖರೇ ಕಾಳಜಿ ಇದ್ರ ಒಳಗ ಕರದು, "ರಕ್ತ ತಪಾಸಣಿ ಮಾಡಿಸೀಯೇನು?" ಅಂತ ಕೇಳ್ರಿ. 2019ರಿಂದ 21ರತನಕ ನಡದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ಕರ್ನಾಟಕದಾಗ 15ರಿಂದ 49 ವರ್ಷದ ಹೆಣ್ಣಮಕ್ಕಳೊಳಗ ನೂರಕ್ಕ 47.8 ಮಂದಿಗೆ ರಕ್ತ ಕಮ್ಮಿ ಐತಿ. ಹೆಚ್ಚುಕಮ್ಮಿ ಅರ್ಧ! ರಕ್ತ ಕಮ್ಮಿ ಆದ್ರ ಮುಖ ಬಿಳಚಿ ಕಣ್ಣ ಕೆಳಗಿನ ಕಪ್ಪು ಎದ್ದು ಕಾಣತೈತಿ. ಆಕಿಗೆ ಬೇಕಾದದ್ದು ಡಾಕ್ಟರ್ರು ಕೊಡೂ ಕಬ್ಬಿಣದ ಗುಳಗಿ, ನಮ್ಮ ಟೀಕಾ ಅಲ್ಲ. ಎಲ್ಲಾರೂ ಉಂಡ ಮ್ಯಾಲ ಉಳದ ರೊಟ್ಟಿ ಉಣ್ಣಾಕಿ ಆಕಿ, ಆಕಿ ಕಣ್ಣ ಕಪ್ಪಿಗೆ ಪಂಚಾಯ್ತಿ ನಾವು.

ಗಂಡಸರಿಗೂ ಒಂದು ಮಾತು. ಸುದ್ದಿ ತಿಳದ ಮ್ಯಾಲ ನಮ್ಮ ಮನಿಯವರು, "ಈ ವಯಸ್ಸಿನ್ಯಾಗ ಇದೆಲ್ಲಾ ಬೇಕಿತ್ತೇನು?" ಅಂದ್ರು. ಹದಿನೈದು ದಿನಕ್ಕೊಮ್ಮೆ ತಲಿಗೆ ಬಣ್ಣ ಹಚ್ಚಿಕೊಳ್ಳೂವ್ರು ಹೇಳಿದ ಮಾತಿದು. ನಾ ಇಲ್ಲಿ ಅವರ ಕಡೆ ನಿಂತು ಬರಿಯಾಕ ಹತ್ತಿಲ್ಲ. ಚಂದ ಕಾಣಬೇಕು ಅನ್ನೂದು ತಪ್ಪಲ್ಲ, ಐವತ್ಮೂರಕ್ಕೂ ತಪ್ಪಲ್ಲ. ನಮ್ಮ ದುಡ್ಡಿಲೆ ನಮ್ಮ ಮುಖಾ ರಿಪೇರಿ ಮಾಡಿಸಿಕೊಂಡ್ರ ಯಾರೂ ಬೈಬಾರದು. ನಾ ಬೈಯೂದು ಹೆದರಿಸಿ ಮಾಡಿಸೂದಕ್ಕ, ತಿಳೀದ ಮಾಡಿಸಿಕೊಳ್ಳೂದಕ್ಕ, ಮುಚ್ಚಿಡೂದಕ್ಕ.

ಮುಚ್ಚಿಡೂದರ ಅಪಾಯ

ನಿಮಗ ನೆನಪಿರಬೇಕು. 2022ರ ಮೇ ತಿಂಗಳಾಗ ಬೆಂಗಳೂರಾಗ ಕಿರುತೆರೆ ನಟಿ ಚೇತನಾ ರಾಜ್ ತೀರಿಹ್ವಾದಳು. "ಗೀತಾ", "ದೊರೆಸಾನಿ" ಧಾರಾವಾಹಿಯಾಗ ಇದ್ದ ಹುಡುಗಿ, ಬರೇ 21 ವರ್ಷ. ಕೊಬ್ಬು ಕರಗಿಸೂ ಆಪರೇಶನ್ನಿಗೆ ಹ್ವಾದಾಕಿ ತಿರುಗಿ ಮನಿಗೆ ಬರಲಿಲ್ಲ. ತಂದಿ ತಾಯಿಗೆ ಹೇಳಲಾರದ ಹೋಗಿದ್ದಳು ಅಂತ ಪೇಪರಿನ್ಯಾಗ ಬಂದಿತ್ತು. ಆವತ್ತ ನಾವೆಲ್ಲಾ ಟಿವಿ ಮುಂದ ಕುಂತು, "ಈಗಿನ ಹುಡುಗ್ಯಾರಿಗೆ ಹೇಳಾಕೇಳಾವ್ರಿಲ್ಲ" ಅಂದ್ವಿ. ನಾನೂ ಅಂದೆ. ಎರಡ್ಮೂರು ವರ್ಷಕ್ಕ ಮನಿಯವರಿಗೆ "ತಂಗಿ ಮನಿಗೆ ಹೋಗಿ ಬರ್ತೀನಿ" ಅಂತ ಹೇಳಿ ನಾನ ಹ್ವಾದೆ. ವಯಸ್ಸಾದ್ರ ಬುದ್ಧಿ ಬರತೈತಿ ಅನ್ನೂದು ಸುಳ್ಳು.

ಯಾಕ ಮುಚ್ಚಿಡ್ತೀವಿ? ನಗ್ತೀರಿ ಅಂತ. ಹಂಗಾದ್ರ ತಪ್ಪು ಮುಚ್ಚಿಟ್ಟಾಕಿದ ಅಷ್ಟ ಅಲ್ಲ, ನಗೂವ್ರದೂ ಐತಿ. ಮಗಳು ಒಂದು ಕಥಿ ಓದಿ ಹೇಳಿದ್ಲು. ಟಿಪ್ಪೂ ಸುಲ್ತಾನನ ಕಾಲದ ಯುದ್ಧದಾಗ ಇಂಗ್ಲಿಷರ ಬಂಡಿ ಹೊಡಿಯಾವ ಕಾವಸ್‌ಜಿ ಅಂಬಾವ ಸೆರಿ ಸಿಕ್ಕು ಮೂಗು ಕೊಯ್ಸಿಕೊಂಡನಂತ. ಪುಣೆ ಕಡೆ ನಮ್ಮ ದೇಶದ ವೈದ್ಯನ ಹಣಿ ಚರ್ಮ ಇಳಿಸಿ ಮೂಗು ಕಟ್ಟಿಕೊಟ್ಟ. ಅದು 1794ರಾಗ ಲಂಡನ್ನಿನ ಪತ್ರಿಕಾದಾಗ ಚಿತ್ರದ ಸಮೇತ ಬಂತು, ಅದನ್ನ ನೋಡಿ ಅಲ್ಲಿನ ವೈದ್ಯರು ಕಲತ್ರು. ರೆಪ್ಪಿ ಕಟ್ಟೂ ಈ ಆಪರೇಶನ್ನಿಗೆ ಈಗಿನ ಹೆಸರಿಟ್ಟಾವ ಜರ್ಮನಿಯ ಗ್ರೇಫ್ ಅಂಬಾವ, 1818ರಾಗ, ಗಡ್ಡಿ ರೋಗದಿಂದ ರೆಪ್ಪಿ ಹ್ವಾದವ್ರ ಸಲುವಾಗಿ. ಈಗೂ ರೆಪ್ಪಿ ಜೋತು ಬಿದ್ದು ಕಣ್ಣ ಮುಂದ ಪರದೆ ಆದವ್ರಿಗೆ ಇದು ದೃಷ್ಟಿ ಉಳಿಸೂ ಆಪರೇಶನ್. ಅಂಥವ್ರು ಮಾಡಿಸಲೇಬೇಕು. ಅದಕ್ಕ ವಿಮಾ ಸಿಗೂ ದಾರಿ ಇರ್ತೈತಿ, ಮೊದಲ ಕೇಳಿಕೊಳ್ರಿ. ಚಂದಕ್ಕ ಮಾಡಿಸಿದ್ರ ವಿಮಾದವ್ರು ಒಂದು ಪೈಸಾ ಕೊಡಂಗಿಲ್ಲ.

ಮಾಡಿಸ್ತೀನಿ ಅನ್ನಾಕಿಗೆ

ಹೋಗಬ್ಯಾಡ ಅಂತ ನಾ ಅನ್ನಂಗಿಲ್ಲ. ಹಿಂಗ ಹೋಗು.

ಡಾಕ್ಟರ್ರು ಏನು ಕಲತಾರ ಕೇಳು. ಪ್ಲಾಸ್ಟಿಕ್ ಸರ್ಜನ್ ಇರಬೇಕು, ಇಲ್ಲಾ ಕಣ್ಣಿನ ಡಾಕ್ಟರ್ ಆಗಿ ರೆಪ್ಪಿ ಆಪರೇಶನ್ ಬ್ಯಾರೆ ಕಲತಿರಬೇಕು. ಪಾರ್ಲರ್ ಬೋರ್ಡ್ ನೋಡಿ ಒಳಗ ಹೋಗಬ್ಯಾಡ. ಖಾಸಗಿ ದವಾಖಾನಿಗೆ ಕರ್ನಾಟಕದ 2007ರ ಕಾಯ್ದೆ ಪ್ರಕಾರ ನೋಂದಣಿ ಇರಬೇಕು, ಪತ್ರ ಎಲ್ಲೈತಿ ಅಂತ ಕೇಳು. ಬಿಪಿ, ಶುಗರ್, ಥೈರಾಯ್ಡ್, ಕಣ್ಣು ಒಣಗೂದು ಇದ್ರ ಮೊದಲ ಹೇಳು. ರಕ್ತ ತೆಳು ಮಾಡೂ ಗುಳಗಿ ತಗೋತಿದ್ರ ಹೇಳು, ನೀನ ಬಿಡಬ್ಯಾಡ, ಕೊಟ್ಟ ಡಾಕ್ಟರನ್ನ ಕೇಳಿ ಬಿಡು.

ಲಗ್ನ, ಕುಬಸ, ವಾಸ್ತುಶಾಂತಿ ತಾರೀಕು ಹಿಡದು ಆಪರೇಶನ್ ಹಿಡೀಬ್ಯಾಡ. ಎರಡು ವಾರಕ್ಕ ಹೊರಗ ಬರಬಹುದು, ಆದ್ರ ಪೂರಾ ಮುಖಾ ತಿಳಿಯಾಗಾಕ ಮೂರರಿಂದ ಆರು ತಿಂಗಳು, ಕೆಲವರಿಗೆ ವರ್ಷ ಬೇಕು. ಎರಡು ವಾರ ಕಾಡಿಗಿ ಹಚ್ಚಬ್ಯಾಡ, ಬಗ್ಗಿ ನೆಲ ಒರಸಬ್ಯಾಡ, ಕೊಡ ಎತ್ತಬ್ಯಾಡ, ಕಣ್ಣು ತಿಕ್ಕಬ್ಯಾಡ. ಇದನ್ನ ಸೊಸಿಗೆ, ಮಗಳಿಗೆ, ಗಂಡಗ ಹೇಳಿ ಕೂಡು. ಮುಚ್ಚಿಟ್ರ ಕೊಡ ನೀನ ಎತ್ತಬೇಕಾಗತೈತಿ. ನಾ ಎತ್ತೀನಿ. ಬಿಸಲಿಗೆ ದೊಡ್ಡ ಕಪ್ಪು ಚಷ್ಮಾ, ಛತ್ರಿ, ಡಾಕ್ಟರ್ರು ಹೇಳಿದ ಬಿಸಲಿನ ಕ್ರೀಮು, ತಿಂಗಳಗಟ್ಟಲೆ.

ಒಂದು ಮಾತು ಮರೀಬ್ಯಾಡ. ಆಪರೇಶನ್ ಆದ ಮ್ಯಾಲ ಒಂದು ಕಣ್ಣು ಕಲ್ಲಿನಂಗ ಬಿಗದು ಬಾತು ನೋವು ಏರಾಕ ಹತ್ತಿದ್ರ, ಇಲ್ಲಾ ಮಬ್ಬು ಕಾಣಾಕ ಹತ್ತಿದ್ರ, ಮುಂಜಾನಿತನಕ ಕಾಯಬ್ಯಾಡ. ಅದು ಕಣ್ಣಿನ ಹಿಂದ ರಕ್ತ ತುಂಬಿದ ಲಕ್ಷಣ ಇರಬಹುದು, ತಾಸುಗಳ ಮ್ಯಾಲ ದೃಷ್ಟಿ ನಿಂತಿರ್ತೈತಿ. ರಾತ್ರಿ ಎರಡಾಗಿದ್ರೂ ಹೋಗು. ಹೋಗಾಕ ಮನಿಯವರಿಗೆ ಗೊತ್ತಿರಬೇಕಲ್ಲ? ಅದಕ್ಕ ಮುಚ್ಚಿಡಬ್ಯಾಡ ಅಂದದ್ದು.

ಕಪ್ಪು ಉಳದ್ರ ಮತ್ತೊಂದು ಆಪರೇಶನ್ನಿಗೆ ಓಡಬ್ಯಾಡ. ಮೊದಲ ಕಾಯಿ. ಆಮ್ಯಾಲ ಚರ್ಮದ ಡಾಕ್ಟರನ್ನ ತೋರಿಸು. ಲೇಸರ್ ಅಂತಾರ, ಪೀಲ್ ಅಂತಾರ. ನಮ್ಮ ಬಣ್ಣದ ಚರ್ಮಕ್ಕ ತಪ್ಪಿ ಬಿದ್ರ ಅದ ಮತ್ತ ಕಪ್ಪು ಮಾಡತೈತಿ. ನಮ್ಮಂಥಾ ಚರ್ಮದ ಮ್ಯಾಲ ಮಾಡಿ ರೂಢಿ ಐತೇನು ಅಂತ ಕೇಳು. ನಾ ತೋರಿಸೀನಿ, ಬಿಸಲಿಗೆ ಹುಷಾರಾಗೀನಿ. ಹದಿನೇಳು ತಿಂಗಳಾತು, ಕಂದು ಗೆರಿ ಅರ್ಧ ತಿಳಿ ಆಗೈತಿ. ಉಳದ ಅರ್ಧ ಅವ್ವ ಕೊಟ್ಟದ್ದು. ಅದು ಹೋಗಂಗಿಲ್ಲ, ಹೋಗೂದೂ ಬ್ಯಾಡ.

ಇನ್ನ ಕಡೀ ಮಾತು. ಮುಂದಿನ ಶುಕ್ರವಾರ ನಮ್ಮ ಮನ್ಯಾಗ ಅರಿಷಿಣ ಕುಂಕುಮ ಐತಿ, ಎಲ್ಲಾರೂ ಬರ್ರಿ. ಧಾರವಾಡದ ಅಕ್ಕಾರೂ ಬರ್ತಾರ, ಈಗ ಚಿಗರಿ ಬಸ್ಸಿನ ನಂಬರ್ ಅವರ ಓದಿ ಹತ್ತತಾರ. ಬಂದಾಗ "ಆರಾಮ ಅದೀರೇನ್ರಿ?" ಅಂತ ಕೇಳ್ರಿ, ಒಳಗ ಬರ್ರಿ, ಕುಂಕುಮ ಹಚ್ಚಿಸಿಕೊಳ್ರಿ, ಉಸುಳಿ ತಿನ್ರಿ. ಯಾರ ಗದ್ದಾನೂ ಹಿಡದು ಬೆಳಕಿಗೆ ತಿರುಗಿಸಬ್ಯಾಡ್ರಿ. ಅಷ್ಟು ನೋಡಲೇಬೇಕು ಅಂದ್ರ ನನ್ನ ಮುಖಾ ನೋಡ್ರಿ. ಈ ಸರತೆ ಕೆಳಗ ನೋಡಂಗಿಲ್ಲ ನಾ.